ಕಚೇರಿಯ ವಿದ್ಯೆ: ಅತನೂರ ಸೀಮೆಯ ಮಕ್ಕಳೂ ಗಣಕಯಂತ್ರದ ಅಭ್ಯಾಸವೂ

(ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



 

ಇಂತಹ ಮಹೋತ್ಸವದ ಸಭೆಗಳಲ್ಲಿ ಗುರುಮಹಿಮೆಯನ್ನೂ, ಅಷ್ಟಾವರಣ ಪಂಚಾಚಾರಗಳನ್ನೂ, ಷಟ್‌ಸ್ಥಲದ ಮರ್ಮವನ್ನೂ ವಿವರಿಸುವದು ವಾಡಿಕೆಯಾಗಿರುವದು. ಈ ಹೊತ್ತಿನ ವಿಷಯವು ಅದಲ್ಲ. ಹಳ್ಳಿಯ ಗಂಡುಹೆಣ್ಣು ಮಕ್ಕಳು ಕಚೇರಿಯ ಬರವಣಿಗೆಯನ್ನೂ, ಲೆಕ್ಕದ ಕ್ರಮವನ್ನೂ, ಗಣಕಯಂತ್ರದ, ಅಂದರೆ ಕಂಪ್ಯೂಟರಿನ, ಬಳಕೆಯನ್ನೂ ಕಲಿಯಬೇಕೆ, ಕಲಿಯುವದಾದರೆ ಎಲ್ಲಿ, ಯಾವ ರೀತಿಯಿಂದ ಎಂಬುದೇ ಇಲ್ಲಿಯ ವಿಚಾರ. ಇದನ್ನು ಕೇಳಿದೊಡನೆ ಕೆಲವು ಹಿರಿಯರ ಮುಖದಲ್ಲಿ ಒಂದು ಪ್ರಶ್ನೆಯು ಮೂಡುವದು ಸಹಜ. ಮಠವೆಂದರೆ ಶಿವಾನುಭವದ ನೆಲೆ. ಅಲ್ಲಿ ಗುಮಾಸ್ತರ ವಿದ್ಯೆಗೇನು ಕೆಲಸ? ಈ ಆಕ್ಷೇಪಣೆಯು ತೆಗೆದುಹಾಕತಕ್ಕದ್ದಲ್ಲ. ಪಾಠಶಾಲೆಯು ಹೊಟ್ಟೆಪಾಡಿನ ಅಂಗಡಿಯಾದರೆ ವಿದ್ಯೆಯೂ ಕೆಡುವದು, ಮಠವೂ ಕೆಡುವದು. ಆದರೆ ಈ ಪ್ರಶ್ನೆಗೆ ಉತ್ತರವನ್ನು ಹುಡುಕಲು ದೂರ ಹೋಗಬೇಕಾದುದಿಲ್ಲ. ಅತನೂರಿನಿಂದ ಪಡುವಣಕ್ಕೆ, ಈಗಿನ ಸೋಲಾಪುರ ಜಿಲ್ಹೆಯಲ್ಲಿ, ಮಂಗಳವೇಢೆಯೆಂಬ ಊರುಂಟು. ಅಣ್ಣ ಬಸವಣ್ಣನವರು ಬಿಜ್ಜಳನ ರಾಜ್ಯದಲ್ಲಿ ಮೊದಲು ಕೈಕೊಂಡ ಉದ್ಯೋಗವು ಆ ಊರಲ್ಲಿ ಕರಣಿಕರ ಉದ್ಯೋಗ. ಅಂದರೆ ಲೆಕ್ಕಪತ್ರ ಬರೆಯುವ ಕೆಲಸ. ಅಲ್ಲಿಯ ಕರಣಿಕರು ಮಾಡಿದ ಲೆಕ್ಕದ ತಪ್ಪನ್ನು ಅವರು ಎತ್ತಿ ತೋರಿಸಿದರೆಂದೂ, ಅದರಿಂದಲೇ ಅವರ ಯೋಗ್ಯತೆಯು ಬೆಳಕಿಗೆ ಬಂದಿತೆಂದೂ ಪುರಾಣಪರಂಪರೆಯು ಹೇಳುವದು. ಮುಂದೆ ಕಲ್ಯಾಣದಲ್ಲಿ ಭಂಡಾರಿಗಳಾದಾಗ, ಅರಸನ ಬೊಕ್ಕಸವನ್ನು ಜಂಗಮರಿಗೆ ಸುರಿಯುತ್ತಿರುವರೆಂದು ಚಾಡಿಕೋರರು ದೂರಿದರು. ಲೆಕ್ಕವನ್ನು ತೆಗೆದು ನೋಡಿದರೆ ಒಂದು ಹಣವೂ ಕಡಿಮೆಯಿರಲಿಲ್ಲವಂತೆ. ಭಕ್ತರು ಇದನ್ನು ಪವಾಡವೆಂದು ಕೇಳುತ್ತ ಬಂದಿರುವರು. ಪವಾಡವೆಂದೇ ಇರಲಿ, ಆದರೆ ಲೆಕ್ಕವನ್ನು ನೇರವಾಗಿ ಇಡಬಲ್ಲವನ ಮೇಲೆ ದೂರು ನಿಲ್ಲುವದಿಲ್ಲವೆಂಬ ಸಾದಾ ಮಾತೂ ಅದರೊಳಗೆ ಅಡಗಿರುವದು.

ಇನ್ನೊಂದು ದೃಷ್ಟಾಂತ. ಶರಣರ ನುಡಿಗಳನ್ನು ಕಟ್ಟಿಟ್ಟು ಕಾಯ್ದವರಲ್ಲಿ ಶಾಂತರಸನೆಂಬ ಶರಣನೊಬ್ಬನು. ಅವನಿಗೆ ವಚನಭಂಡಾರಿಯೆಂದೇ ಬಿರುದು. ಎಂಟು ಶತಮಾನಗಳ ಅನಂತರ ವಿಜಾಪುರದ ವಕೀಲರಾದ ಫ. ಗು. ಹಳಕಟ್ಟಿಯವರು (1880–1964) ಮನೆಮನೆಗೆ ತಿರುಗಿ ಓಲೆಯ ಕಟ್ಟುಗಳನ್ನು ಕೂಡಿಹಾಕಿ, ಪ್ರತಿ ಮಾಡಿ, ತಾಳೆ ನೋಡಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು, ಮುಂದೆ ತಮ್ಮದೇ ಮುದ್ರಣಾಲಯವನ್ನು ಹಾಕಿದರು. ಅವರಿಗಿದ್ದ ಭಕ್ತಿಯು ಸಾವಿರಾರು ಜನರಿಗೂ ಇದ್ದಿತು. ಅವರಿಗಿದ್ದು ಉಳಿದವರಿಗೆ ಇಲ್ಲದಿದ್ದುದು ಕಾಗದಪತ್ರವನ್ನು ಕ್ರಮದಿಂದ ಇಡುವ, ಪಟ್ಟಿ ಮಾಡುವ, ಒಂದು ಪ್ರತಿಯನ್ನು ಮತ್ತೊಂದಕ್ಕೆ ಹಚ್ಚಿ ನೋಡುವ ಅಭ್ಯಾಸ. 1993ರಲ್ಲಿ ಸಮಗ್ರ ವಚನಸಾಹಿತ್ಯವು 15 ಸಂಪುಟಗಳಾಗಿ ಸರಕಾರದಿಂದ ಪ್ರಕಟವಾಯಿತು. ಈಗ ಅದೇ ವಚನಗಳು ಗಣಕಯಂತ್ರದೊಳಗೆ ಸೇರಿ, ಒಂದು ಶಬ್ದವನ್ನು ಒತ್ತಿದರೆ ಅದು ಬಂದಿರುವ ವಚನಗಳೆಲ್ಲ ಕ್ಷಣದಲ್ಲಿ ಮುಂದೆ ಬರುತ್ತಿರುವವು. ಪದಪ್ರಯೋಗವೊಂದಕ್ಕಾಗಿ ಮೂರು ದಿನ ಕಟ್ಟುಗಳನ್ನು ತಿರುವಿಹಾಕಿದ ಪಂಡಿತರಿಗೆ ಇದರ ಬೆಲೆಯು ಗೊತ್ತು.

ಇನ್ನು ಈ ಸೀಮೆಯ ಸಂಗತಿ. ಬರಹವು ಯಾರ ಕೈಯಲ್ಲಿರುವದೋ ಅಧಿಕಾರವು ಅವರ ಕೈಯಲ್ಲಿರುವದೆಂಬುದನ್ನು ಅಫಜಲಪುರ, ಆಳಂದ, ಜೇವರ್ಗಿ ತಾಲೂಕುಗಳ ರೈತನಿಗೆ ಕಲಿಸಬೇಕಾದುದಿಲ್ಲ. ಅವನು ಅದನ್ನು ಉಂಡು ಅರಗಿಸಿಕೊಂಡವನು. ನಿಜಾಮರ ರಾಜ್ಯದಲ್ಲಿ ಮೊದಲು ಕಚೇರಿಯ ಭಾಷೆಯು ಪಾರಸಿಯಾಗಿದ್ದಿತು. 1884ರಲ್ಲಿ ಅದರ ಸ್ಥಾನಕ್ಕೆ ಉರ್ದು ಬಂದಿತು. ಗ್ರಾಮದಲ್ಲಿ ಮಾಲಿಪಾಟೀಲ, ಪೊಲೀಸಪಾಟೀಲ, ಕುಲಕರ್ಣಿ ಈ ಮೂವರು ವಂಶಪರಂಪರೆಯ ಅಧಿಕಾರಿಗಳು. ಕುಲಕರ್ಣಿಯ ದಫ್ತರವು ಕೆಂಪು ಬಟ್ಟೆಯ ಬಸ್ತೆಯಲ್ಲಿ ಗಂಟಾಗಿ ಅವನ ಮನೆಯ ಮಾಡದಲ್ಲಿ ಕೂತಿರುತ್ತಿದ್ದಿತು. ಬರಹವು ಕೆಲವೆಡೆ ಮೋಡಿಯಲ್ಲಿ, ಕೆಲವೆಡೆ ಉರ್ದುವಿನಲ್ಲಿ. ಕಾಲಗಣನೆಯು ಫಸಲಿ, ಆಜುರ, ದೈ, ಬಹಮನವೆಂಬ ಪಾರಸಿ ತಿಂಗಳುಗಳು. ಹಳೆಯ ಕಾಗದದಲ್ಲಿ 1350 ಫಸಲಿಯೆಂದು ಕಂಡರೆ 590 ಕೂಡಿಸಿ 1940–41 ಎಂದು ತಿಳಿಯಬೇಕು. ಮನೆಯಲ್ಲಿ ಕನ್ನಡ, ಮಠದಲ್ಲಿ ಕನ್ನಡ, ಹೊಲದಲ್ಲಿ ಕನ್ನಡ; ಆದರೆ ಆ ಹೊಲವು ತನ್ನದೆಂದು ಹೇಳುವ ಕಾಗದವು ಮಾತ್ರ ಹೊಲದ ಒಡೆಯನಿಗೆ ಓದಲು ಬಾರದು! ಸಾಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ ಅಜ್ಜನ ಕಥೆಯು ಈ ಸಭೆಯಲ್ಲಿರುವ ಯಾವ ಮನೆತನಕ್ಕೆ ಇಲ್ಲ?

1948ರ ಸೆಪ್ಟೆಂಬರ 17ರಂದು ಹೈದರಾಬಾದ ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು. 1956ರ ನವಂಬರ 1ರಂದು ಈ ಸೀಮೆಯು ಕನ್ನಡನಾಡಿನೊಡನೆ ಕೂಡಿತು. ಗ್ರಾಮದ ವಂಶಪರಂಪರೆಯ ಹುದ್ದೆಗಳನ್ನು ತೆಗೆದುಹಾಕುವ ಕಾಯಿದೆಯು 1961ರದು. ಕನ್ನಡವನ್ನು ರಾಜ್ಯದ ಆಡಳಿತಭಾಷೆಯನ್ನಾಗಿ ಮಾಡಿದ ಕಾಯಿದೆಯು 1963ರದು. ಬಸ್ತೆಯು ಕುಲಕರ್ಣಿಯ ಮಾಡದಿಂದಿಳಿದು ಸರಕಾರದ ಕಪಾಟನ್ನು ಸೇರಿತು, ಬರಹವು ಕನ್ನಡವಾಯಿತು. ಇಷ್ಟಕ್ಕೆ ಎಲ್ಲವೂ ಸರಿಹೋಯಿತೆಂದು ಬಹು ಜನರು ತಿಳಿದರು.

ಆದರೆ 2000ದ ಇಸವಿಯ ಸುಮಾರಿಗೆ ‘ಭೂಮಿ’ಯೆಂಬ ಯೋಜನೆಯು ಬಂದಿತು. ರಾಜ್ಯದ 177 ತಾಲೂಕುಗಳ, ಸುಮಾರು 67 ಲಕ್ಷ ರೈತರ, 2 ಕೋಟಿಯಷ್ಟು ಪಹಣಿಗಳು ಗಣಕಯಂತ್ರಕ್ಕೆ ಏರಿದವು. ಕೈಬರಹದ ಪಹಣಿಗೆ ಮಾನ್ಯತೆಯು ನಿಂತಿತು. ಇದು ಸಣ್ಣ ಸುಧಾರಣೆಯಲ್ಲ. ಮನ ಬಂದಂತೆ ತಿದ್ದುವ, ಹಾಳೆಯನ್ನೇ ಹರಿದುಹಾಕುವ ಕೇಡು ಬಹಳಷ್ಟು ಅಳಿಯಿತು. ಅದರ ಬೆನ್ನಿಗೆ ಜಾತಿ ಆದಾಯದ ದಾಖಲೆ, ಗ್ರಾಮಪಂಚಾಯಿತಿಯ ಆಸ್ತಿಯ ಉತಾರ, ಖರೀದಿಯ ನೋಂದಣಿ, ರೇಶನ್ನು, ಬೆಳೆವಿಮೆ, ವೃದ್ಧಾಪ್ಯದ ಮಾಸಾಶನ, ಎಲ್ಲವೂ ಒಂದೊಂದಾಗಿ ಪರದೆಯ ಮೇಲೆ ಬಂದವು. ಈಗ ಬಸ್ತೆಯಿಲ್ಲ, ಆದರೆ ಬೀಗದ ಕೈ ಮತ್ತೆ ಬೇರೆಯವರ ಬೆರಳಿನಲ್ಲಿಯೇ ಇರುವದು.

ಇದು ಬರಿಯ ಅಲಂಕಾರದ ಮಾತಲ್ಲ. ಒಬ್ಬ ರೈತನ ಹೆಸರು ಪಹಣಿಯಲ್ಲಿ ಬಸಪ್ಪ. ಆಧಾರದ ಚೀಟಿಯಲ್ಲಿ ಬಸವರಾಜ. ಬ್ಯಾಂಕಿನ ಪಾಸಬುಕ್ಕಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬಸ್ಸಪ್ಪ. ಮನುಷ್ಯನು ಒಬ್ಬನೇ, ಯಂತ್ರಕ್ಕೆ ಮೂವರು. ಕೇಂದ್ರಸರಕಾರವು 2019ರಿಂದ ರೈತನಿಗೆ ವರ್ಷಕ್ಕೆ 6,000 ರೂಪಾಯಿಗಳನ್ನು ಮೂರು ಕಂತುಗಳಲ್ಲಿ ಕೊಡುತ್ತ ಬಂದಿರುವದು; ಹೆಸರು ತಾಳೆಯಾಗದಿದ್ದರೆ ಆ ಹಣವು ನಿಲ್ಲುವದು. ತೊಗರಿಯು ಒಣಗಿದ ವರ್ಷ ಬೆಳೆವಿಮೆಯ ಹಣಕ್ಕೂ ಅದೇ ಗತಿ. ಅವನು ತಾಲೂಕಿನ ಊರಿಗೆ ಹೋಗಿ ಸಾಲಿನಲ್ಲಿ ನಿಂತು, “ಸಾಹೇಬ್ರ, ನನ್ನ ಹೆಸರು ಯಾಕ ಬಂದಿಲ್ಲ, ಸ್ವಲ್ಪ ನೋಡ್ರಿ” ಎಂದು ಕೈಮುಗಿಯುವನು. “ಸರ್ವರ್ ಇಲ್ಲ, ನಾಳೆ ಬಾ” ಎಂಬ ಉತ್ತರವು ಬರುವದು. ಒಂದು ದಿನದ ಕೂಲಿಯು ಹೋಯಿತು, ಬಸ್ಸಿನ ದುಡ್ಡು ಹೋಯಿತು. ಸರ್ವರೆಂದರೇನು, ಅದು ನಿಜವಾಗಿಯೂ ಇಲ್ಲವೋ, ನೋಡುವ ಮನಸ್ಸು ಇಲ್ಲವೋ, ಅವನಿಗೆ ತಿಳಿಯದು. ಅವನ ಮನೆಯಲ್ಲಿ ಬಿ.ಎ. ಮುಗಿಸಿದ ಮಗನಿರುವನು! ಆ ಮಗನ ಕೈಯಲ್ಲಿ ದೊಡ್ಡ ಫೋನು ಇರುವದು. ಅದರಲ್ಲಿ ಸಿನಿಮಾ ನೋಡಬಲ್ಲನು, ಆದರೆ ಹೆಸರಿನ ತಿದ್ದುಪಡಿಗಾಗಿ ತಹಶೀಲದಾರರಿಗೆ ಹತ್ತು ಸಾಲಿನ ಒಂದು ಅರ್ಜಿಯನ್ನು ಬರೆಯಲಾರನು. ಪದವಿಯು ಬಂದಿತು, ಕೈಗೆ ಕೆಲಸವು ಬರಲಿಲ್ಲ. ಆದಕಾರಣ ಅವನು ಪುಣೆಗೋ ಬೆಂಗಳೂರಿಗೋ ಹೋಗಿ ಇಟ್ಟಿಗೆ ಹೊರುತ್ತಿರುವನು. ಇಟ್ಟಿಗೆ ಹೊರುವದು ಕೀಳಲ್ಲ, ಅದೂ ಕಾಯಕವೇ. ಆದರೆ ಹದಿನೈದು ವರ್ಷದ ಓದಿಗೆ ತಂದೆಯು ಮಾರಿದ ಎರಡೆಕರೆ ಹೊಲವು ಯಾರ ಲೆಕ್ಕಕ್ಕೆ?

ಹಾಗಾದರೆ ಕಚೇರಿಯ ವಿದ್ಯೆಯೆಂದರೆ ಯಾವುದು? ಯಂತ್ರದ ಗುಂಡಿಯನ್ನು ಒತ್ತುವದೇ ವಿದ್ಯೆಯೆಂದು ತಿಳಿದವರು ಹಲವರು. ಅದು ಇದರ ಹೊರಗಿನ ತೊಗಲು. ಒಂದು ಅರ್ಜಿಯಲ್ಲಿ ಯಾರಿಂದ, ಯಾರಿಗೆ, ವಿಷಯವೇನು, ಹಿಂದಿನ ಉಲ್ಲೇಖವೇನು, ಬೇಡಿಕೆಯೇನು ಎಂಬುದನ್ನು ಹೆಚ್ಚು ಕಡಿಮೆಯಿಲ್ಲದೆ ಬರೆಯುವದು ಮೊದಲನೆಯದು. ಬಂದ ಕಾಗದವನ್ನು ಆವಕದಲ್ಲಿ, ಹೋದ ಕಾಗದವನ್ನು ಜಾವಕದಲ್ಲಿ ದಾಖಲಿಸಿ, ನಂಬರು ಹಾಕಿ, ಬೇಕಾದಾಗ ಕೈಗೆ ಸಿಗುವಂತೆ ಕಡತವನ್ನು ಇಡುವದು ಮುಂದಿನದು. ರೋಜುಕೀರ್ದಿ, ಖಾತೆಪುಸ್ತಕ, ಜಮಾಖರ್ಚಿನ ತಾಳೆ, ಇವು ಲೆಕ್ಕದ ಭಾಗ. ಮಠದ ದಾಸೋಹದ ಕೀರ್ದಿಯನ್ನು ನೋಡಿ ಬಲ್ಲವರಿಗೆ ಇವು ಹೊಸವಲ್ಲ. ಜೋಳ ಇಷ್ಟು ಚೀಲ ಬಂದಿತು, ಇಷ್ಟು ಸೇರು ಖರ್ಚಾಯಿತು, ಇಷ್ಟು ಬಾಕಿ, ಎಂದು ಅಡ್ಡಗೆರೆ ಉದ್ದಗೆರೆ ಹೊಡೆದು ಬರೆದ ಆ ಹಾಳೆಯನ್ನೇ 1979ರಲ್ಲಿ ಅಮೇರಿಕೆಯ ಇಬ್ಬರು ತರುಣರು, ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರ್ಯಾಂಕ್ಸ್‌ಟನ್, ಗಣಕಯಂತ್ರದೊಳಗೆ ಇಟ್ಟರು. ಒಂದು ಅಂಕಿಯನ್ನು ತಿದ್ದಿದರೆ ಮೊತ್ತವು ತಾನೇ ತಿದ್ದಿಕೊಳ್ಳುವದು, ಅಷ್ಟೇ ಹೆಚ್ಚಿನದು. ಕೀರ್ದಿಯ ಮರ್ಮವು ತಿಳಿಯದವನಿಗೆ ಆ ಹಾಳೆಯಿಂದ ತಪ್ಪು ಮೊತ್ತವು ಬಹು ಶೀಘ್ರವಾಗಿ ಬರುವದು.

ಕನ್ನಡದ ಬರವಣಿಗೆಯ ಸಂಗತಿಯನ್ನು ತುಸು ಬಿಡಿಸಿ ಹೇಳಬೇಕು. ಪಾಠಶಾಲೆಯಲ್ಲಿ ಅಕ್ಷರಾಭ್ಯಾಸ ಮಾಡಿದವರಿಗೆ ಇದು ರಸವತ್ತಾದ ವಿಷಯ. ಹಿಂದೆ ಟೈಪರೈಟರಿನ ಕಾಲದಲ್ಲಿ ಕೆ. ಅನಂತಸುಬ್ಬರಾಯರು ಕನ್ನಡದ ಕೀಲಿಮಣೆಯನ್ನು ರೂಪಿಸಿದರು. ಸ್ವರ, ವ್ಯಂಜನ, ಕಾಗುಣಿತ, ಒತ್ತಕ್ಷರ ಇವೆಲ್ಲವನ್ನೂ ಕೆಲವೇ ಕೀಲಿಗಳಲ್ಲಿ ಕೂಡಿಸುವದು ಸಾಮಾನ್ಯ ಬುದ್ಧಿಯ ಕೆಲಸವಲ್ಲ. ಅಲ್ಲಿ ಅಕ್ಷರವನ್ನು ಆಕಾರದಿಂದ ಕಟ್ಟಬೇಕಾಗಿದ್ದಿತು. ಮೈ ಒಂದು ಕಡೆ, ತಲೆಕಟ್ಟು ಒಂದು ಕಡೆ, ಒತ್ತು ಒಂದು ಕಡೆ. ಗಣಕಯಂತ್ರವು ಬಂದ ಮೇಲೆ ಕೆ. ಪಿ. ರಾಯರು ರಚಿಸಿದ ಕೀಲಿಮಣೆಯ ವಿನ್ಯಾಸವು ಉಚ್ಚಾರವನ್ನು ಹಿಡಿದು ನಡೆಯುವದು. ಅಲ್ಪಪ್ರಾಣಕ್ಕೆ ಒಂದು ಕೀಲಿ. ಅದನ್ನೇ ಮೇಲ್ಜಾರುಗುಂಡಿಯೊಡನೆ ಒತ್ತಿದರೆ ಮಹಾಪ್ರಾಣ. ಕಕಾರವನ್ನು ಒತ್ತಿ, ಹಲಂತದ ಕೀಲಿಯನ್ನು ಒತ್ತಿ, ಷಕಾರವನ್ನು ಒತ್ತಿದರೆ ಕ್ಷಕಾರವು ತಾನೇ ಸಿದ್ಧವಾಗುವದು. ವ್ಯಂಜನವು ಸ್ವರವನ್ನು ಕಳೆದುಕೊಂಡು ಮುಂದಿನ ವ್ಯಂಜನದೊಡನೆ ಸಂಯೋಗವಾಗುವದೆಂದು ವ್ಯಾಕರಣದ ಮೊದಲ ಪಾಠದಲ್ಲಿ ಹೇಳುವದೂ ಇದನ್ನೇ ಅಲ್ಲವೆ? 1991ರಲ್ಲಿ ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತವನ್ನು ಗೊತ್ತುಮಾಡಿದ ಯೂನಿಕೋಡಿನಲ್ಲಿ ಕನ್ನಡಕ್ಕೆ 128 ಸ್ಥಾನಗಳು ದೊರೆತಿರುವವು. ಅವುಗಳಲ್ಲಿ ಅಕ್ಷರಗಳು ಕೂತಿರುವ ಕ್ರಮವು ಯಾವುದು? ಸ್ವರಗಳು ಮೊದಲು, ಆಮೇಲೆ ಕವರ್ಗ, ಚವರ್ಗ, ಟವರ್ಗ, ತವರ್ಗ, ಪವರ್ಗ, ಕಂಠದಿಂದ ತುಟಿಯವರೆಗೆ ಉಚ್ಚಾರಸ್ಥಾನದ ಕ್ರಮ. ಪ್ರಾಚೀನ ಶಿಕ್ಷಾಕಾರರ ವರ್ಣಮಾಲೆಯು ಯಂತ್ರದ ಹೊಟ್ಟೆಯಲ್ಲಿ ಹಾಗೆಯೇ ಕೂತಿರುವದು. ಓಂ ನಮಃ ಶಿವಾಯವೆಂದು ಮರಳಿನಲ್ಲಿ ತಿದ್ದಿದ ಬೆರಳಿಗೆ ಈ ಯಂತ್ರವು ಪರದೇಶದ್ದಲ್ಲ.

ಆದರೆ ಇಲ್ಲೊಂದು ತೊಡಕೂ ಉಂಟು. ರಾಜ್ಯದ ಕಚೇರಿಗಳಲ್ಲಿ ಬಳಕೆಗೆ ಬಂದ ‘ನುಡಿ’ ಮೊದಲಾದ ತಂತ್ರಾಂಶಗಳ ಹಳೆಯ ಬರಹಗಳು ಯೂನಿಕೋಡಿನವಲ್ಲ. ಅವು ತಮ್ಮ ತಮ್ಮ ಅಚ್ಚುಮೊಳೆಗಳನ್ನು ನಂಬಿದವು. ಆ ಅಚ್ಚುಮೊಳೆಯಿಲ್ಲದ ಯಂತ್ರದಲ್ಲಿ ಅದೇ ಬರಹವನ್ನು ತೆರೆದರೆ ಇಂಗ್ಲಿಷ್ ಅಕ್ಷರಗಳ, ಚಿಹ್ನೆಗಳ ಗೊಂದಲವು ಕಾಣುವದು. ಮೋಡಿಯನ್ನು ಓದಬಲ್ಲವರು ಕಡಿಮೆಯಾಗಿ ಹಳೆಯ ದಫ್ತರಗಳು ಮೂಕವಾದಂತೆ, ಇಪ್ಪತ್ತು ವರ್ಷದ ಹಿಂದಿನ ಕನ್ನಡದ ಕಾಗದವೂ ಮೂಕವಾಗುವದು! ನುಡಿಯು ಅನಂತರ ಯೂನಿಕೋಡಿಗೆ ಹೊಂದಿಕೊಂಡಿತು. ಹಳೆಯದನ್ನು ಹೊಸದಕ್ಕೆ ಪರಿವರ್ತಿಸುವ ಉಪಾಯಗಳೂ ಇರುವವು. ಇದನ್ನು ತಿಳಿದು ಮಾಡುವವರು ಬೇಕು. ಮಠಮಠಗಳಲ್ಲಿ ಟೈಪು ಮಾಡಿಸಿಟ್ಟ ಪುಸ್ತಕಗಳ, ಪುರಾಣಗಳ ಪ್ರತಿಗಳಿಗೆ ಈ ಗತಿಯು ಬರುವ ಮೊದಲೇ ನೋಡಿಕೊಳ್ಳತಕ್ಕದ್ದು.

ಇಂತಹ ವಿದ್ಯೆಯನ್ನು ಎಲ್ಲಿ ಕಲಿಸಬೇಕು? ಅಮೇರಿಕೆಯ ಇಲಿನಾಯ್ ಪ್ರಾಂತದ ಜೋಲಿಯೆಟ್ ಎಂಬ ಊರಲ್ಲಿ 1901ರಲ್ಲಿ ಊರವರಿಗಾಗಿಯೇ ಎರಡು ವರ್ಷದ ಒಂದು ಕಾಲೇಜು ಹುಟ್ಟಿತು. ದೊಡ್ಡ ವಿಶ್ವವಿದ್ಯಾಲಯಕ್ಕೆ ಹೋಗಲಾರದವರು ಮನೆಯಲ್ಲಿದ್ದುಕೊಂಡೇ ಕಲಿಯಲೆಂಬುದು ಅದರ ಉದ್ದೇಶ. ಅಂತಹವಕ್ಕೆ ಸಮುದಾಯ ಕಾಲೇಜುಗಳೆಂದು ಹೆಸರು. ಭಾರತದಲ್ಲಿ 1995ರಲ್ಲಿ ಪುದುಚೇರಿಯಲ್ಲಿಯೂ, 1996ರಲ್ಲಿ ಮದರಾಸಿನಲ್ಲಿ ಕ್ರೈಸ್ತಧರ್ಮದವರ ಆಶ್ರಯದಲ್ಲಿಯೂ ಇವು ಮೊದಲಾದವು. 2013ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಇವುಗಳಿಗಾಗಿ ಒಂದು ಯೋಜನೆಯನ್ನು ಹಾಕಿತು. ಒಂದು ಧರ್ಮಪೀಠವು ತನ್ನ ಆವರಣದಲ್ಲಿ ಕೈಕೆಲಸದ ಮತ್ತು ಕಚೇರಿಕೆಲಸದ ವಿದ್ಯೆಯನ್ನು ಕಲಿಸಿದರೆ ಅದರ ಧರ್ಮಕ್ಕೆ ಕುಂದು ಬಂದಿತೆಂದು ಯಾರೂ ಹೇಳಲಿಲ್ಲ. ಲಿಂಗಾಯತ ಮಠಗಳಿಗಾದರೋ ಇದು ಯಾವ ಕಾಲಕ್ಕೂ ಹೊಸದಲ್ಲ. ಕಲಬುರ್ಗಿಯ ಶರಣಬಸವೇಶ್ವರ ಸಂಸ್ಥಾನದವರು ನಿಜಾಮರ ಕಾಲದಲ್ಲಿಯೇ ಹೆಣ್ಣುಮಕ್ಕಳಿಗೆ ಶಾಲೆಯನ್ನು ತೆರೆದಾಗಲೂ ಮಠಕ್ಕೇಕೆ ಈ ಕೆಲಸವೆಂದು ಮೂಗೆಳೆದವರು ಇರದೆ ಇರಲಿಲ್ಲ. ಇಂದು ಅಂಥವರ ಮೊಮ್ಮಕ್ಕಳೇ ಅಲ್ಲಿ ಓದುತ್ತಿರಬಹುದು.

ಉದ್ಯೋಗದ ಮಾತನ್ನು ಮುಚ್ಚುಮರೆಯಿಲ್ಲದೆ ಆಡಬೇಕು. ಸಂವಿಧಾನದ 371ನೆಯ ಅನುಚ್ಛೇದಕ್ಕೆ ಜೆ ಎಂಬ ಉಪಭಾಗವನ್ನು 2012ರಲ್ಲಿ ಅಂಗೀಕರಿಸಿ 2013ರಲ್ಲಿ ಜಾರಿಗೆ ತಂದ ಮೇಲೆ, ಈ ಸೀಮೆಯ ಸ್ಥಾನಿಕ ಹುದ್ದೆಗಳಲ್ಲಿ ಸೀಮೆಯ ಮಕ್ಕಳಿಗೆ ದೊಡ್ಡ ಪಾಲು ದೊರೆತಿರುವದು. ಗುಮಾಸ್ತರೇ ಮೊದಲಾದ ‘ಸಿ’ ಶ್ರೇಣಿಯಲ್ಲಿ ಅದು ನೂರಕ್ಕೆ 80. ಸರಕಾರಿ ನೌಕರರು ಗಣಕಯಂತ್ರದ ಸಾಕ್ಷರತಾಪರೀಕ್ಷೆಯಲ್ಲಿ ಉತ್ತೀರ್ಣರಾಗಬೇಕೆಂದು 2012ರ ನಿಯಮಗಳು ವಿಧಿಸಿರುವವು. ಬಾಗಿಲು ತೆರೆದಿರುವದು; ಒಳಗೆ ಹೋಗುವ ಯೋಗ್ಯತೆಯಿಲ್ಲದೆ ಹೊಸ್ತಿಲಲ್ಲಿ ನಿಂತರೆ ಬಾಗಿಲಿನ ತಪ್ಪೇನು? ಹಾಗೆಂದು, ಕಲಿತವರಿಗೆಲ್ಲ ಸರಕಾರಿ ಕುರ್ಚಿಯು ಸಿಕ್ಕೀತೆಂದು ನಂಬಿಸುವದು ಮೋಸ. ಹುದ್ದೆಗಳು ಕೆಲವು, ಕೇಳುವವರು ಲಕ್ಷ. ಸಹಕಾರಿ ಸಂಘ, ತೊಗರಿಯ ದಾಲಮಿಲ್ಲು, ಸಕ್ಕರೆಯ ಕಾರಖಾನೆ, ಅಡತಿ ಅಂಗಡಿ, ಶಾಲೆ, ದವಾಖಾನೆ, ಎಲ್ಲೆಡೆಗೂ ಲೆಕ್ಕವನ್ನು ನೇರವಾಗಿ ಇಡಬಲ್ಲ ಕೈಗಳು ಬೇಕು. ಕೆಲಸ ಸಿಗದಿದ್ದರೂ ತನ್ನ ಮನೆಯ ಪಹಣಿಯನ್ನು ತಾನೇ ತೆಗೆದು ಓದಿ, ತಪ್ಪಿದ್ದರೆ ತಾನೇ ಅರ್ಜಿ ಬರೆಯಬಲ್ಲ ಒಬ್ಬ ಮಗಳು ಮನೆಗೊಬ್ಬಳಿದ್ದರೆ ಸಾಕು, ಖರ್ಚು ಮಾಡಿದ್ದು ಹುಟ್ಟಿತು.

ಹೆಣ್ಣುಮಕ್ಕಳ ಮಾತು ಬಂದುದರಿಂದ ಇದನ್ನೂ ಹೇಳಬೇಕು. ಅಫಜಲಪುರಕ್ಕೋ ಕಲಬುರ್ಗಿಗೋ ದಿನಾಲು ಬಸ್ಸಿನಲ್ಲಿ ಕಳಿಸಲು ತಂದೆತಾಯಿಗಳು ಹಿಂಜರಿಯುವರು. ಎರಡು ತಿಂಗಳು ಕಳಿಸಿ, ಒಂದು ದಿನ ಬಸ್ಸು ತಪ್ಪಿ ಕತ್ತಲಾದರೆ ಅಲ್ಲಿಗೆ ಓದು ನಿಂತಿತು, ಮುಂದೆ ಮದುವೆ. ಪೇಟೆಗಳಲ್ಲಿ ಹಣ ಪಡೆದು ಮೂರು ತಿಂಗಳಲ್ಲಿ ಬಣ್ಣದ ಪ್ರಮಾಣಪತ್ರವನ್ನು ಕೊಡುವ ತರಗತಿಗಳೂ ಕೆಲವು ಉಂಟು. ಪತ್ರವು ಗೋಡೆಯ ಮೇಲೆ ತೂಗುವದು, ಬೆರಳುಗಳು ಕೀಲಿಯನ್ನು ಹುಡುಕುವವು. ಆದಕಾರಣ ವಿದ್ಯೆಯು ಊರಿಗೇ ಬರಬೇಕು, ಮತ್ತು ಜನರು ನಂಬುವ ಸ್ಥಳಕ್ಕೆ ಬರಬೇಕು. ಮಗಳು ಮಠಕ್ಕೆ ಹೋಗಿರುವಳೆಂದರೆ ಅವ್ವನಿಗೆ ಚಿಂತೆಯಿಲ್ಲ.

ಮಹೋತ್ಸವದ ನಿಮಿತ್ತ ಶ್ರೀಮಠದ ಆವರಣದಲ್ಲಿ ಒಂದು ಕೋಣೆ, ಹತ್ತು ಯಂತ್ರಗಳು, ಕರೆಂಟು ಹೋದಾಗ ನಡೆಯುವಷ್ಟು ಬ್ಯಾಟರಿ, ಇಷ್ಟಕ್ಕೆ ಭಕ್ತರ ದಾಸೋಹವು ಸಾಲದೆ ಹೋಗದು. ರೈತಾಪಿ ಮಕ್ಕಳಾದುದರಿಂದ ರಾಶಿಯ ಕಾಲದಲ್ಲಿ ಬೆಳಗಿನ ಪಾಠವು ನಡೆಯದು. ಹೆಣ್ಣುಮಕ್ಕಳಿಗೆ ಮಧ್ಯಾಹ್ನ, ದುಡಿಯುವವರಿಗೆ ಸಂಜೆಯ ಪೂಜೆಯ ಅನಂತರ. ಜಾತಿಮತದ ಪ್ರಶ್ನೆಯನ್ನು ಬಾಗಿಲಲ್ಲಿ ಕೇಳಕೂಡದು. ಅನುಭವಮಂಟಪದ ಹೆಸರನ್ನು ಹೇಳುವವರು ಇದನ್ನು ಎರಡು ಸಲ ಹೇಳಿಸಿಕೊಳ್ಳಬಾರದು. ಇಂಗ್ಲಿಷ್ ಬಾರದೆಂದು ಯಾರನ್ನೂ ಹಿಂದೆ ಕಳಿಸದೆ ಕನ್ನಡದಿಂದ ಆರಂಭಿಸಿ, ಬೇಕಾದ ಇಂಗ್ಲಿಷನ್ನು ಕೆಲಸದೊಡನೆಯೇ ಕಲಿಸತಕ್ಕದ್ದು.

ಇಲ್ಲಿ ಕಲಿತು ಕುರ್ಚಿಯ ಮೇಲೆ ಕೂತವನೇ ನಾಳೆ, “ಸರ್ವರ್ ಇಲ್ಲ, ನಾಳೆ ಬಾ” ಎನ್ನತೊಡಗಿದರೆ? ಇದು ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ. ಯಂತ್ರದ ಯಾವ ಪಾಠದಲ್ಲಿಯೂ ಇದಕ್ಕೆ ಉತ್ತರವಿಲ್ಲ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಲಕ್ಕಮ್ಮನವರು ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಕಳಿಸಿದರು. ಟೈಪು ಕಲಿಸುವ ಕೋಣೆಯಲ್ಲಿ ವಾರಕ್ಕೊಮ್ಮೆಯಾದರೂ ಈ ಪಾಠವನ್ನು ಹೇಳುವ ಅಧಿಕಾರವು ಮಠಕ್ಕಲ್ಲದೆ ಬೇರೆ ಯಾವ ತರಗತಿಗೂ ಇರದು. ಪಹಣಿಯ ಒಂದು ಅಂಕಿಯನ್ನು ಅಲಕ್ಷ್ಯದಿಂದ ತಪ್ಪು ಒತ್ತಿದರೆ ಒಂದು ಮನೆತನವು ಹತ್ತು ವರ್ಷ ಕೋರ್ಟಿಗೆ ಅಲೆಯುವದೆಂಬ ಭಯವು ಬೆರಳ ತುದಿಯಲ್ಲಿ ಇರುವಂತೆ ಕಲಿಸಬೇಕಾಗಿರುವದು.

ಮೊದಲ ದಿನದ ಅಭ್ಯಾಸಕ್ಕೆ ಪರದೇಶದ ಪುಸ್ತಕದ ಉದಾಹರಣೆಗಳು ಬೇಡ. ಮಠದ ಉಗ್ರಾಣದಲ್ಲಿ ದಾಸೋಹದ ಹಳೆಯ ಕೀರ್ದಿಪುಸ್ತಕಗಳಿರುವವು, ಹುಳ ಹಿಡಿಯುತ್ತಿರುವವು. ಯಾವ ಊರಿನಿಂದ ಎಷ್ಟು ಚೀಲ ಜೋಳ ಬಂದಿತು, ಯಾರ ಮನೆಯಿಂದ ಬೆಲ್ಲ, ಯಾರಿಂದ ಎಣ್ಣೆ ಎಂದು ಅವುಗಳಲ್ಲಿ ಬರೆದಿಟ್ಟಿರುವದು. ಮಕ್ಕಳು ಎರಡೆರಡು ಹಾಳೆಗಳನ್ನು ಎದುರಿಗಿಟ್ಟುಕೊಂಡು, ಕನ್ನಡದಲ್ಲಿ ಒತ್ತಿ, ಕೊನೆಗೆ ಮೊತ್ತವನ್ನು ಹಳೆಯ ಕಾರಕೂನರು ಬರೆದ ಮೊತ್ತದೊಡನೆ ತಾಳೆ ನೋಡಲಿ. ತಮ್ಮ ಮುತ್ತಜ್ಜನ ಹೆಸರು ಅಲ್ಲಿ ಸಿಕ್ಕರೆ ಮನೆಗೆ ಹೋಗಿ ಹೇಳಲಿ. ಒಂದು ವರ್ಷದ ಕೀರ್ದಿಯು ಮುಗಿಯುವದಕ್ಕೆ ಹತ್ತು ಮಕ್ಕಳಿಗೆ ಎರಡು ತಿಂಗಳು ಸಾಕಾಗಬಹುದು, ಪುಸ್ತಕಗಳಿಗಾದರೋ ಕೊರತೆಯಿಲ್ಲ.